ನನ್ನ ನಂಬರಿನಲ್ಲಿ ಅರವತ್ತೆರಡು ಮನೆ

ಲಂಚ ತಿನ್ನುವವರನ್ನು ಕಂಡರೆ ನನಗಾಗುವುದಿಲ್ಲ ಎಂಬುದು ಊರಿಗೆಲ್ಲ ಗೊತ್ತು. ಗೊತ್ತಾಗುವ ಹಾಗೆ ನಾನೇ ಮಾಡಿದ್ದೆ. ನನ್ನ ಬಾಯಿ ಜೋರು. ಮೂವತ್ತು ವರ್ಷದಿಂದ ಸರ್ಕಾರಿ ಕಚೇರಿಯ ಎದುರೇ ಕೂತವಳು, ಯಾರು ಯಾರ ಕೈ ಬೆಚ್ಚಗೆ ಮಾಡಿದರು ಎನ್ನುವುದು ಕೂತಲ್ಲಿಂದಲೇ ಕಾಣುತ್ತಿತ್ತು. "ಥೂ, ಇವರ ಜನ್ಮಕ್ಕಿಷ್ಟು" ಎಂದು ರಸ್ತೆಗೆಲ್ಲ ಕೇಳುವ ಹಾಗೆ ಎಷ್ಟು ಸಲ ಬೈದಿದ್ದೇನೋ ಲೆಕ್ಕವಿಲ್ಲ. ಈಗ ಅದೇ ಮಾತು ಗಂಟಲಿನ ಹತ್ತಿರ ಬಂದು ನಿಲ್ಲುತ್ತದೆ, ಹೊರಗೆ ಬರಲು ನಾಚಿಕೊಳ್ಳುತ್ತದೆ.

ನನ್ನದು ಎಂಟಡಿ ಅಗಲ, ಹತ್ತಡಿ ಉದ್ದದ ಅಂಗಡಿ. ಮೇಲೆ ತಗಡು, ಮುಂದೆ ಎಳೆದರೆ ಬೀದಿಯೆಲ್ಲ ಎಚ್ಚರವಾಗುವಷ್ಟು ಸದ್ದು ಮಾಡುವ ಶಟರ್. ಮೊದಲು ಅಲ್ಲಿ ಒಂದು ಟೈಪ್‌ರೈಟರ್ ಇತ್ತು, ಈಗ ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಕೆಮ್ಮುತ್ತ ಕೆಲಸ ಮಾಡುವ ಒಂದು ಜೆರಾಕ್ಸ್ ಮೆಷಿನ್ ಇವೆ. ಸರ್ಕಾರದ ಸೇವೆಗಳಿಗೆ ಇಲ್ಲಿ ಅರ್ಜಿ ಹಾಕಿಕೊಡಲಾಗುತ್ತದೆ ಎಂಬ ಬೋರ್ಡೂ ಇದೆ. ಜನ ನನ್ನನ್ನು ಟೈಪಕ್ಕ ಅನ್ನುತ್ತಾರೆ. ಟೈಪ್‌ರೈಟರ್ ಗುಜರಿಗೆ ಹೋಗಿ ಹನ್ನೆರಡು ವರ್ಷವಾದರೂ ಆ ಹೆಸರು ಮಾತ್ರ ಹೋಗಿಲ್ಲ.

ಎದುರಿನ ಕಚೇರಿಗೆ ಮೂರು ಕಿಟಕಿ. ಗೋಡೆಯ ಮೂಲೆಗಳಲ್ಲಿ ಉಗುಳಿದ ಕಲೆ ಸೊಂಟದೆತ್ತರಕ್ಕೆ ಬೆಳೆದಿದೆ. ವರ್ಷಕ್ಕೊಮ್ಮೆ ಬಣ್ಣ ಬಳಿಯುತ್ತಾರೆ, ತಿಂಗಳೊಪ್ಪತ್ತಿನಲ್ಲಿ ಅದು ಮತ್ತೆ ಬೆಳೆದು ನಿಲ್ಲುತ್ತದೆ. ಎಲ್ಲ ಕಾಗದದಲ್ಲೇ ನಡೆಯುತ್ತಿದ್ದ ಕಾಲದಲ್ಲಿ ಗುಮಾಸ್ತರ ಮೇಜಿನ ಡ್ರಾಯರು ಯಾವಾಗಲೂ ಅರ್ಧ ತೆರೆದೇ ಇರುತ್ತಿತ್ತು. ಜನ ಅರ್ಜಿಯ ಮಡಿಕೆಯೊಳಗೆ ನೋಟಿಟ್ಟು ಕೊಡುತ್ತಿದ್ದರು. ಒಬ್ಬ ಮಹಾಶಯನಿಗಂತೂ ನೋಟು ಮುಟ್ಟಿದರೆ ಕೈ ಕೊಳೆಯಾಗುತ್ತಿತ್ತು. ಅವನು ಕಡತವನ್ನು ತೆರೆದು ಹಿಡಿಯುತ್ತಿದ್ದ, ಕೊಡುವವರೇ ಹಾಳೆಗಳ ನಡುವೆ ಇಡಬೇಕಿತ್ತು. ಇಟ್ಟ ಮೇಲೆ ಕಡತವನ್ನು ಮಗುವನ್ನು ತಟ್ಟುವ ಹಾಗೆ ಮೆತ್ತಗೆ ತಟ್ಟುತ್ತಿದ್ದ. ಅದನ್ನು ನೋಡಿದ ದಿನ ನನಗೆ ಊಟ ಸೇರುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಎಲ್ಲವೂ ಆನ್‌ಲೈನ್ ಆಯಿತು. ಮನೆಯಿಲ್ಲದ ಬಡವರಿಗೆ ಮನೆ ಮಂಜೂರು ಮಾಡುವ ಕೆಲಸವೂ ಕಂಪ್ಯೂಟರಿಗೆ ಬಂತು. ಅರ್ಜಿ ಹಾಕಿದವರಿಗೆ ಒಂದು ಸರದಿ ಸಂಖ್ಯೆ ಬರುತ್ತದೆ. ಆಮೇಲೆ ಅರ್ಜಿ ಒಂದು ಹೆಜ್ಜೆ ಮುಂದೆ ಹೋಗಬೇಕಾದರೂ, ಹಿಂದೆ ಹೋಗಬೇಕಾದರೂ ಅರ್ಜಿದಾರರ ಫೋನಿಗೆ ಆರಂಕಿಯ ಓಟಿಪಿ ಬರುತ್ತದೆ. ಅದನ್ನು ಹಾಕದೆ ಒಳಗೆ ಕೂತವರು ಒಂದು ಅಕ್ಷರವನ್ನೂ ಅಲ್ಲಾಡಿಸುವ ಹಾಗಿಲ್ಲ. ಯಾರು ಯೋಚಿಸಿದರೋ, ಅವರ ಹೊಟ್ಟೆ ತಣ್ಣಗಿರಲಿ ಎಂದುಕೊಂಡೆ. ಗುಮಾಸ್ತರೆಲ್ಲ ಹರಳೆಣ್ಣೆ ಕುಡಿದ ಮುಖ ಮಾಡಿಕೊಂಡು ಓಡಾಡುತ್ತಿದ್ದರು. ಡ್ರಾಯರುಗಳು ಮುಚ್ಚಿದವು. ನಾನು ಆ ವಾರವೆಲ್ಲ ಬಂದವರಿಗೆ ಟೀ ತರಿಸಿಕೊಟ್ಟೆ.

ಮನೆ ಮಂಜೂರಿನ ಮೇಜಿನಲ್ಲಿ ಕೂತಿರುವವನು ಬೇರೆ ಯಾರೂ ಅಲ್ಲ, ನನ್ನ ಗಂಡನ ತಮ್ಮ. ನನ್ನ ಗಂಡ ದರ್ಜಿ. ಹೊಲಿಗೆ ಮೆಷಿನ್ ತುಳಿದು ತುಳಿದು ತಮ್ಮನನ್ನು ಓದಿಸಿದವರು. ಮೈದುನನಿಗೆ ಈ ಕೆಲಸ ಸಿಕ್ಕಾಗ ಅವರು ಕಚೇರಿಯ ಮೆಟ್ಟಿಲ ಮೇಲೆ ನಿಂತು ಅತ್ತಿದ್ದರು. ಎರಡು ಸಂಸಾರವೂ ಒಂದೇ ಮನೆಯಲ್ಲಿವೆ, ಮೂರು ಕೋಣೆ, ಒಂದೇ ಅಡುಗೆಮನೆ. ಬೆಳಿಗ್ಗೆ ನನ್ನ ಓರಗಿತ್ತಿ ಒಲೆ ಹಚ್ಚುತ್ತಾಳೆ, ಪಾತ್ರೆ ನನ್ನ ಪಾಲು. ನನ್ನ ಫೋನು ಅಡುಗೆಮನೆಯ ಕಿಟಕಿಯ ಕಟ್ಟೆಯ ಮೇಲೆ ಚಾರ್ಜಿಗೆ ಕೂತಿರುತ್ತದೆ. ಮನೆಯಲ್ಲಿ ಕೆಲಸ ಮಾಡುವ ಪ್ಲಗ್ ಅದೊಂದೇ.

ಊರಿಂದ ಎರಡು ಗಂಟೆ ನಡೆದರೆ ಒಂದು ಕಲ್ಲುಕ್ವಾರಿ ಸಿಗುತ್ತದೆ. ಅದರ ಅಂಚಿನಲ್ಲಿ ಅರವತ್ತೆರಡು ಕುಟುಂಬಗಳು ಟಾರ್ಪಾಲಿನ ಕೆಳಗಿದ್ದವು. ಅವರೆಲ್ಲ ಅರ್ಜಿ ಹಾಕಲು ನನ್ನ ಬಳಿಗೇ ಬಂದರು. ಫಾರ್ಮಿನಲ್ಲಿ ಫೋನ್ ನಂಬರಿನ ಕಾಲಂ ಖಾಲಿ ಬಿಟ್ಟರೆ ಅದು ಮುಂದೆ ಹೋಗುವುದಿಲ್ಲ. ಅರ್ಧ ಜನರ ಬಳಿ ಫೋನಿಲ್ಲ. ಇದ್ದವರದ್ದು ಇನ್ನೂ ಕಷ್ಟ. ಹೊಸ ಸಿಮ್ಮಿಗೆ ಒಂದು ತಿಂಗಳು ಮಾತು ಪುಕ್ಕಟೆ ಎಂದರೆ ಹಳೆಯದನ್ನು ಅಲ್ಲೇ ರಸ್ತೆಗೆಸೆದು ಬರುವ ಜನ. ಹೋದ ತಿಂಗಳ ನಂಬರು ಈ ತಿಂಗಳು ಯಾರದ್ದೋ.

"ನಿಮ್ಮ ನಂಬರೇ ಹಾಕ್ಬಿಡಿ ಅಕ್ಕಾ," ಎಂದಳು ಸಾಲಿನಲ್ಲಿ ಮೊದಲು ನಿಂತವಳು. "ನೀವು ಎಲ್ಲೂ ಓಡಿಹೋಗಲ್ಲ. ನಿಮ್ಮ ನಂಬರೂ ಓಡಿಹೋಗಲ್ಲ."

ಎಲ್ಲರೂ ನಕ್ಕರು, ನಾನೂ ನಕ್ಕೆ. ಆವತ್ತು ಅರವತ್ತೆರಡು ಅರ್ಜಿಗಳಿಗೂ ನನ್ನ ನಂಬರನ್ನೇ ಹಾಕಿದೆ. ಓಟಿಪಿ ಬಂದಾಗ ಹೇಳಿ ಕಳಿಸುತ್ತೇನೆ, ನೀವು ಬನ್ನಿ, ನಿಮ್ಮ ಎದುರೇ ಹಾಕುತ್ತೇನೆ ಎಂದು ಮಾತು ಕೊಟ್ಟೆ. ಮನೆಗೆ ಬಂದು ಗಂಡನಿಗೆ ಹೇಳುವಾಗ ನನಗೆ ಜಂಬವೇ ಇತ್ತು. ಅರವತ್ತೆರಡು ಮನೆಯ ಕೀಲಿ ನನ್ನ ಸೊಂಟದಲ್ಲಿದೆ ಅನ್ನುವ ಹಾಗೆ ಮಾತಾಡಿದೆ. ಪಕ್ಕದಲ್ಲಿ ಮೈದುನ ಊಟ ಮಾಡುತ್ತಿದ್ದ. ಅವನು ತಲೆಯೆತ್ತಿ ಒಮ್ಮೆ ನೋಡಿದ, ಮತ್ತೆ ತಟ್ಟೆಗೆ ಬಗ್ಗಿದ.

ಸಾಲಿನಲ್ಲಿ ಮೊದಲು ನಿಂತು ಆ ಮಾತಾಡಿದವಳೇ ಗಾರೆಯವಳು. ಕಟ್ಟಡದ ಕೆಲಸದಲ್ಲಿ ತಲೆಯ ಮೇಲೆ ಗಾರೆ ಹೊತ್ತು ಏಣಿ ಹತ್ತುವುದು ಅವಳ ಕೆಲಸ. ಕೆಲಸ ಮಾಡಿಸಿಕೊಳ್ಳುವವರು ಎಲ್ಲ ಕಡೆ ಅವಳನ್ನು ಹಾಗೇ ಕರೆಯುತ್ತಾರೆ. ಗಂಡ ಕ್ವಾರಿಯಲ್ಲಿ ಸತ್ತ. ಒಬ್ಬಳೇ ಮಗಳು, ಹದಿಮೂರು ತುಂಬಿತ್ತು. ಗಾರೆಯವಳ ಸರದಿ ಸಂಖ್ಯೆ ಏಳು, ಮೊದಲ ಕಂತಿನಲ್ಲೇ ಮನೆ ಮಂಜೂರಾಯಿತು. ಕಾಗದ ಪ್ರಿಂಟ್ ತೆಗೆದು ಕೈಗಿಟ್ಟಾಗ ಅವಳು ಎಷ್ಟು ಕೋಣೆ ಎಂದು ಕೇಳಲಿಲ್ಲ, ಯಾವಾಗ ಎಂದೂ ಕೇಳಲಿಲ್ಲ.

"ಬಾಗಿಲಿಗೆ ಒಳಗಿಂದ ಚಿಲಕ ಇರುತ್ತಾ ಅಕ್ಕಾ?" ಎಂದಳು. "ಮಗಳು ದೊಡ್ಡೋಳಾದ್ಲು. ನಾನು ಕೆಲಸಕ್ಕೆ ಹೋದ್ರೆ ಲಾರಿಯವ್ರು ಟಾರ್ಪಾಲು ಎತ್ತಿ ಇಣುಕ್ತಾರೆ."

"ಇರುತ್ತೆ ಕಣೇ. ಚಿಲಕ ಇಲ್ದೆ ಬಾಗಿಲು ಮಾಡ್ತಾರಾ?" ಎಂದೆ.

ಅಂದಿನಿಂದ ಪ್ರತಿ ಶನಿವಾರ ಅವಳು ಬಂದು ಕೇಳಿ ಹೋಗುತ್ತಿದ್ದಳು. ಮೈಮೇಲಿನ ಗಾರೆ ಒಣಗಿ ಉದುರಿ ನನ್ನ ನೆಲದ ಮೇಲೆ ಬೀಳುತ್ತಿತ್ತು, ಅವಳೇ ಅಂಗೈಯಿಂದ ಗುಡಿಸಿ ಹೊರಗೆ ಹಾಕುತ್ತಿದ್ದಳು.

ಮೈದುನ ಶುರುಮಾಡಿದ್ದು ಬಹಳ ನಯವಾಗಿ. "ಅತ್ತಿಗೆ, ಇವತ್ತು ಕ್ವಾರಿಯವ್ರ ಅರ್ಜಿ ಪರಿಶೀಲನೆ ಇದೆ. ಒಂದೊಂದು ಓಟಿಪಿಗೂ ಅವ್ರು ಕೆಲಸ ಬಿಟ್ಟು ಬರ್ಬೇಕು, ಒಂದು ದಿನದ ಕೂಲಿ ಹಾಳು. ಬಂದಾಗ ನೀವೇ ಹೇಳ್ಬಿಡಿ, ನಾನು ಹಾಕ್ಕೊಳ್ತೀನಿ" ಎಂದ. ಮಾತು ನಿಜವೇ ಆಗಿತ್ತು. ಪರಿಶೀಲನೆ ಎಂದರೆ ಬರೀ ಹೆಸರು, ವಯಸ್ಸು ಸರಿಯಿದೆಯೇ ಎಂದು ನೋಡುವುದು. ಅಯ್ಯೋ ಪಾಪ, ನನ್ನ ಮೈದುನನಿಗೂ ಬಡವರ ಮೇಲೆ ಕರುಣೆ ಹುಟ್ಟಿತಲ್ಲ ಎಂದುಕೊಂಡೆ. ಅವನು ಕೇಳಿದಾಗ ಹೇಳುವುದು ಅಭ್ಯಾಸವಾಯಿತು. ಬೆಳಿಗ್ಗೆ ಪಾತ್ರೆ ತೊಳೆಯುವಾಗ ಫೋನು ಟಿಂಗ್ ಅನ್ನುತ್ತಿತ್ತು, ಅವನು ಕಚೇರಿಯ ಲ್ಯಾಪ್‌ಟಾಪ್ ಪಕ್ಕದಲ್ಲಿ ತೆರೆದಿಟ್ಟು, ಶೂ ಹಾಕಿಕೊಳ್ಳುತ್ತ ಹಜಾರದಿಂದ "ಬಂತಾ ಅತ್ತಿಗೆ?" ಅನ್ನುತ್ತಿದ್ದ, ನಾನು ಸೋಪಿನ ಕೈ ದೂರ ಹಿಡಿದು, ಬಗ್ಗಿ ನೋಡಿ, ಆರಂಕಿ ಕೂಗಿ ಹೇಳುತ್ತಿದ್ದೆ.

ಮೇಲಿನ ಸಾಲನ್ನು ಓದುತ್ತಿರಲಿಲ್ಲ. ಇದನ್ನು ಯಾರಿಗೆ ಹೇಳಿದರೂ ನಂಬುವುದಿಲ್ಲ. ಆದರೆ ಹಳೆಯ ಟೈಪಿಸ್ಟ್ ಯಾರನ್ನಾದರೂ ಕೇಳಿ ನೋಡಿ. ನಾವು ಓದುವುದಿಲ್ಲ, ಹೊಡೆಯುತ್ತೇವೆ. ಓದುತ್ತ ಕೂತರೆ ವೇಗ ಹೋಗುತ್ತದೆ, ತಪ್ಪು ಬೀಳುತ್ತದೆ. ಕಣ್ಣಿಂದ ಬೆರಳಿಗೆ ಸೀದಾ ದಾರಿ, ನಡುವೆ ತಲೆ ಬರಬಾರದು ಎಂದು ನನಗೆ ಕಲಿಸಿದ ಮೇಡಂ ಬೆರಳ ಗಂಟಿಗೆ ಸ್ಕೇಲಿನಲ್ಲಿ ಹೊಡೆದು ಕಲಿಸಿದ್ದರು. ವಿಚ್ಛೇದನದ ಅರ್ಜಿಯನ್ನೂ ಮರಣಪತ್ರವನ್ನೂ ಕಾಣೆಯಾದ ಎಮ್ಮೆಯ ದೂರನ್ನೂ ನಾನು ಒಂದೇ ಮುಖದಲ್ಲಿ ಹೊಡೆದಿದ್ದೇನೆ. ಆ ಹೆಮ್ಮೆಗೆ ಈಗ ಬೆಂಕಿ ಬೀಳಲಿ.

ಆ ಶನಿವಾರ ಗಾರೆಯವಳು ಬಂದು ಮಾಮೂಲಿನಂತೆ ಬಾಗಿಲ ಬಳಿ ಕುಕ್ಕರಗಾಲಲ್ಲಿ ಕೂತಳು. ನಾನು ಅವಳ ಸಂಖ್ಯೆ ಹಾಕಿ ನೋಡಿದೆ. ಯಾವಾಗಲೂ ಹಸಿರು ಅಕ್ಷರದಲ್ಲಿ 'ಮಂಜೂರಾಗಿದೆ' ಎಂದಿರುತ್ತಿದ್ದ ಜಾಗದಲ್ಲಿ ಬೂದು ಬಣ್ಣದ ಒಂದು ಸಾಲಿತ್ತು. 'ಫಲಾನುಭವಿಯು ಸ್ವ‌ಇಚ್ಛೆಯಿಂದ ಬಿಟ್ಟುಕೊಟ್ಟಿರುತ್ತಾರೆ. ಓಟಿಪಿ ಮೂಲಕ ದೃಢಪಟ್ಟಿದೆ.' ಕೆಳಗೆ ತಾರೀಖು, ಹೊತ್ತು, ಎಲ್ಲ ಅಚ್ಚುಕಟ್ಟು. ಬಿಟ್ಟುಕೊಟ್ಟ ಮನೆ ಯಾರಿಗೆ ಹೋಯಿತು ಎಂಬುದನ್ನೂ ಸರ್ಕಾರ ಮುಚ್ಚಿಟ್ಟಿರಲಿಲ್ಲ. ಕ್ವಾರಿಯ ಮೇಸ್ತ್ರಿಯ ಹೆಂಡತಿಗೆ ಹೋಗಿತ್ತು. ಮೇಸ್ತ್ರಿಗೆ ಆಗಲೇ ಎರಡಂತಸ್ತಿನ ಮನೆಯಿದೆ. ಅದರ ಗೇಟಿನ ಕಂಬಗಳ ಮೇಲೆ ಎರಡು ಸಿಮೆಂಟಿನ ಸಿಂಹ ಬೇರೆ ಕೂತಿವೆ.

ಫೋನು ತೆಗೆದು ಹಳೆಯ ಮೆಸೇಜುಗಳನ್ನು ಹುಡುಕಿದೆ. ಅದೇ ತಾರೀಖು, ಬೆಳಿಗ್ಗೆ ಎಂಟು ಹನ್ನೆರಡು. 'ಮಂಜೂರಾದ ಮನೆಯನ್ನು ಬಿಟ್ಟುಕೊಡಲು ನಿಮ್ಮ ಓಟಿಪಿ. ಇದನ್ನು ಯಾರಿಗೂ ಹೇಳಬೇಡಿ.' ಕನ್ನಡದಲ್ಲೇ ಇತ್ತು. ನಾನು ಅನ್ನ ತಿನ್ನುವ ಭಾಷೆಯಲ್ಲಿ, ಮಗುವಿಗೂ ಅರ್ಥವಾಗುವ ಹಾಗೆ ಇತ್ತು. ಅದನ್ನು ನಾನು ಅಡುಗೆಮನೆಯಿಂದ ಹಜಾರಕ್ಕೆ ಕೂಗಿ ಹೇಳಿದ್ದೆ. ಉಳಿದ ಅರವತ್ತೊಂದನ್ನೂ ಅಲ್ಲೇ ಒಂದೊಂದಾಗಿ ತೆರೆದು ನೋಡಿದೆ, ಎಲ್ಲ ನೆಟ್ಟಗಿದ್ದವು. ಮೊದಲ ಕಂತಿನಲ್ಲಿ ಗಂಡಸಿಲ್ಲದ ಮನೆ ಒಂದೇ ಇತ್ತು. ಅವನು ಹುಡುಕಿ ಅದನ್ನೇ ಆರಿಸಿದ್ದ.

"ಏನಾಯ್ತಕ್ಕಾ? ಮುಖ ಒಂಥರಾ ಆಯ್ತು?" ಎಂದಳು ಗಾರೆಯವಳು.

"ಸರ್ವರ್ ಇಲ್ಲ. ಮುಂದಿನ ಶನಿವಾರ ಬಾ" ಎಂದೆ.

'ಇವತ್ತು ಸಾಹೇಬ್ರಿಲ್ಲ, ನಾಳೆ ಬಾ' ಎಂದು ಆ ಕಿಟಕಿಗಳಲ್ಲಿ ಮೂವತ್ತು ವರ್ಷ ಕೇಳಿದ ಮಾತೇ ಅದು, ಬಟ್ಟೆ ಮಾತ್ರ ಹೊಸದು. ಅವಳು ತಲೆಯಾಡಿಸಿ, ಬಿದ್ದ ಗಾರೆಯನ್ನು ಗುಡಿಸಿ, ಎದ್ದು ಹೋದಳು.

ಮಾರನೆಯ ದಿನ ಭಾನುವಾರ. ಮೈದುನ ಹಜಾರದ ನೆಲದ ಮೇಲೆ ಪೇಪರು ಹಾಸಿಕೊಂಡು ಕಾಲಿನ ಉಗುರು ಕತ್ತರಿಸುತ್ತಿದ್ದ. ನನ್ನ ಗಂಡ ಕಿಟಕಿಯ ಬಳಿ ಮೆಷಿನ್ ತುಳಿಯುತ್ತಿದ್ದರು. ನಾನು ಹೋಗಿ ಫೋನನ್ನು ಮೈದುನನ ಮುಂದೆ ಹಿಡಿದೆ.

"ಇದೇನೋ ಇದು?"

ಅವನು ಓದಿದ. ಅವನ ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ. "ಓಟಿಪಿ ಅತ್ತಿಗೆ" ಎಂದ.

"ಆ ಹೆಂಗಸಿನ ಮನೆ ಕಿತ್ಕೊಂಡು ಮೇಸ್ತ್ರಿಗೆ ಕೊಟ್ಟಿದೀಯಲ್ಲೋ! ಹೊಟ್ಟೆಗೆ ಏನು ತಿಂತೀಯೋ ನೀನು?"

"ನಾನೆಲ್ಲಿ ಕೊಟ್ಟೆ? ಬಿಟ್ಟುಕೊಟ್ಟಿದ್ದಾರೆ ಅಂತ ಸಿಸ್ಟಮ್ಮೇ ಹೇಳ್ತಿದೆ." ಅವನು ಇನ್ನೊಂದು ಬೆರಳಿಗೆ ಹೋದ. ಉಗುರು ಟಕ್ಕೆಂದು ಹಾರಿ ಪೇಪರಿನ ಆಚೆ ಬಿತ್ತು. "ನೋಡಿ ಅತ್ತಿಗೆ, ಮೊದ್ಲು ಆಗಿದ್ರೆ ನನ್ನ ಸಹಿ ಬೇಕಿತ್ತು, ನನ್ನ ಕೈ ನಡುಗ್ತಿತ್ತು. ಈಗ ನನ್ನ ಹೆಸರು ಎಲ್ಲೂ ಇಲ್ಲ. ಇರೋದು ನಿಮ್ಮ ನಂಬರು. ತನಿಖೆ ಅಂತ ಯಾರಾದ್ರೂ ಬಂದ್ರೆ ಮೊದ್ಲು ನಿಮ್ಮ ಅಂಗಡಿಗೇ ಬರ್ತಾರೆ. ಅರವತ್ತೆರಡು ಜನರ ಅರ್ಜಿಗೆ ನಿಮ್ಮ ನಂಬರು ಯಾಕೆ ಹಾಕಿದ್ರಿ ಅಂತ ಕೇಳ್ತಾರೆ. ಏನು ಹೇಳ್ತೀರಿ?"

ಬೆದರಿಸುವ ದನಿಯಲ್ಲಿ ಹೇಳಿದ್ದರೆ ಕೆನ್ನೆಗೆ ಬಾರಿಸುತ್ತಿದ್ದೆ. ಅವನು ಅತ್ತಿಗೆಗೆ ಬುದ್ಧಿ ಹೇಳುವ ದನಿಯಲ್ಲಿ ಹೇಳಿದ. ನಾನು ಗಂಡನ ಕಡೆ ತಿರುಗಿದೆ. ಅವರು ತುಳಿಯುವುದನ್ನು ನಿಲ್ಲಿಸಿರಲಿಲ್ಲ, ಹೊಲಿಗೆ ಮಾತ್ರ ಸೊಟ್ಟ ಹೋಗಿತ್ತು.

"ನೀವಾದ್ರೂ ಏನಾದ್ರೂ ಹೇಳಿ" ಎಂದೆ.

"ಆಗಿದ್ದು ಆಗಿಹೋಯ್ತು ಬಿಡೇ," ಎಂದರು ಬಟ್ಟೆಯ ಮೇಲಿಂದ ಕಣ್ಣೆತ್ತದೆ. "ಅವಳಿಗೆ ಮುಂದಿನ ಪಟ್ಟೀಲಿ ಬರುತ್ತೆ. ಇವನ ಕೆಲಸ ಹೋದ್ರೆ ಮತ್ತೆ ಬರುತ್ತಾ?"

"ಮುಂದಿನ ಪಟ್ಟಿ ಐದು ವರ್ಷಕ್ಕೆ. ಅಷ್ಟು ಹೊತ್ತಿಗೆ ಆ ಹುಡುಗಿಗೆ ಹದಿನೆಂಟು."

ಓರಗಿತ್ತಿ ಬಾಗಿಲಲ್ಲಿ ಬಂದು ನಿಂತು, ಎಲ್ಲರ ಮುಖ ನೋಡಿ, ಮತ್ತೆ ಒಳಗೆ ಹೋಗಿ ಪಾತ್ರೆಗಳನ್ನು ಬೇಕೆಂದೇ ಸದ್ದು ಮಾಡಿದಳು. ಮೈದುನ ಉಗುರುಗಳ ಪೇಪರನ್ನು ಮಡಚಿ ನನ್ನ ಕೈಗೆ ಕೊಟ್ಟ, ಹೊರಗೆ ಹೋಗುವಾಗ ಎಸೆಯಲಿ ಎಂದು. ನಾನು ಎಸೆದೆ. ಅಭ್ಯಾಸ. ಅದನ್ನು ನೆನೆದರೆ ಇಂದಿಗೂ ಕೈ ತೊಳೆದುಕೊಳ್ಳಬೇಕು ಅನ್ನಿಸುತ್ತದೆ.

ದಾರಿ ಇರಲಿಲ್ಲ ಎಂದಲ್ಲ. ಬಿಟ್ಟುಕೊಟ್ಟ ಹದಿನೈದು ದಿನದೊಳಗೆ ಫಲಾನುಭವಿ ಆಕ್ಷೇಪಣೆ ಹಾಕಿದರೆ ಮನೆ ಆ ಕ್ಷಣಕ್ಕೇ ವಾಪಸ್ ಬರುತ್ತದೆ, ತನಿಖೆ ಆಮೇಲೆ. ಆಕ್ಷೇಪಣೆ ಈ ಕಚೇರಿಗೆ ಹೋಗುವುದೂ ಇಲ್ಲ, ಸೀದಾ ಮೇಲಿನವರಿಗೆ ಹೋಗುತ್ತದೆ. ಅದಕ್ಕೂ ಓಟಿಪಿ ಬರುವುದು ನನ್ನ ಫೋನಿಗೇ. ಇನ್ನೂ ಎಂಟು ದಿನ ಉಳಿದಿತ್ತು. ಎಂಟು ದಿನದಲ್ಲಿ ಆರು ದಿನ ನಾನು ಏನೂ ಮಾಡಲಿಲ್ಲ. ಅಂಗಡಿ ತೆರೆದೆ, ಜೆರಾಕ್ಸ್ ತೆಗೆದೆ, ಊಟ ಮಾಡಿದೆ. ನನ್ನ ಲೈಸೆನ್ಸ್ ಹೋದರೆ ಏನು ಮಾಡುವುದು, ಗಂಡನ ಮುಖ ಹೇಗೆ ನೋಡುವುದು, ಒಂದೇ ಒಲೆಯ ಮುಂದೆ ಓರಗಿತ್ತಿಯ ಜೊತೆ ಹೇಗೆ ನಿಲ್ಲುವುದು ಎಂದು ಲೆಕ್ಕ ಹಾಕಿದೆ. ಬೇರೆಯವರಿಗೆ ಬೆನ್ನುಮೂಳೆ ಇಲ್ಲ ಎಂದು ಬೀದಿಯಲ್ಲಿ ಕೂಗುತ್ತಿದ್ದವಳ ಬೆನ್ನುಮೂಳೆ ಎಲ್ಲಿತ್ತೋ ಗೊತ್ತಿಲ್ಲ.

ಶನಿವಾರ ಗಾರೆಯವಳು ಒಬ್ಬಳೇ ಬರಲಿಲ್ಲ, ಮಗಳನ್ನೂ ಕರೆತಂದಿದ್ದಳು. ಹುಡುಗಿ ಜೆರಾಕ್ಸ್ ಮೆಷಿನ್ನಿನ ಹಿಂದಿನ ಇಕ್ಕಟ್ಟಿಗೆ ಹೋಗಿ, ಗೋಡೆಗೆ ಮುಖ ಮಾಡಿ ಕೂತಳು. ಬಾ, ಸ್ಟೂಲಿನ ಮೇಲೆ ಕೂತ್ಕೋ ಎಂದರೂ ಬರಲಿಲ್ಲ.

"ಏನಾಯ್ತೇ ಇವಳಿಗೆ?" ಎಂದೆ.

"ಟಾರ್ಪಾಲು ಕುಯ್ದಿದ್ದಾರಕ್ಕಾ, ಬ್ಲೇಡಲ್ಲಿ. ಹಾಡಹಗಲೇ. ಇವಳು ಒಳಗಿದ್ಲು." ಅವಳ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. "ಕೂಗ್ಕೊಂಡ್ಲು, ಪಕ್ಕದವ್ರು ಬಂದ್ರು. ಏನೂ ಆಗಿಲ್ಲ. ಆದ್ರೆ ಇನ್ನು ಬಿಟ್ಟು ಹೋಗಲ್ಲ. ಏಣಿ ಕೆಳಗೆ ಕೂರಿಸ್ಕೊಂಡು ಗಾರೆ ಹೊರ್ತೀನಿ. ಮನೆ ಯಾವಾಗಕ್ಕಾ? ಗೋಡೆ ಎದ್ದಿದ್ರೆ ಸಾಕು, ಬಾಗಿಲು ನಾನೇ ಹಾಕಿಸ್ಕೊಳ್ತೀನಿ."

ನಾನು ಶಟರನ್ನು ಅರ್ಧ ಎಳೆದೆ. ಅವಳ ಎದುರು ನೆಲದ ಮೇಲೆಯೇ ಕೂತು ಎಲ್ಲ ಹೇಳಿದೆ. ನನ್ನ ಫೋನಿಗೆ ಬಂದದ್ದು, ನಾನು ಓದದೆ ಕೂಗಿದ್ದು, ನನ್ನ ಮೈದುನ ಹಾಕಿಕೊಂಡದ್ದು, ಮನೆ ಮೇಸ್ತ್ರಿಗೆ ಹೋದದ್ದು, ನನಗೆ ಒಂದು ವಾರದಿಂದ ಗೊತ್ತಿದ್ದೂ ಸರ್ವರ್ ಇಲ್ಲ ಎಂದು ಸುಳ್ಳು ಹೇಳಿದ್ದು, ಒಂದನ್ನೂ ಬಿಡಲಿಲ್ಲ. ಉಗಿಯಲಿ ಎಂದುಕೊಂಡೆ, ಜುಟ್ಟು ಹಿಡಿದು ಎಳೆಯಲಿ ಎಂದುಕೊಂಡೆ. ಅವಳು ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಅವಳು ಪೂರ್ತಿ ಕೇಳಿದಳು. ಆಮೇಲೆ ನನ್ನ ಹತ್ತಿರ ಸರಿದು, ಮಗಳಿಗೆ ಕೇಳಿಸದ ಹಾಗೆ ದನಿ ತಗ್ಗಿಸಿ ಕೇಳಿದಳು.

"ವಾಪಸ್ ಮಾಡೋಕೆ ಎಷ್ಟಾಗುತ್ತಕ್ಕಾ?"

ನನಗೆ ಮೊದಲು ಅರ್ಥವಾಗಲಿಲ್ಲ. ನಾನು ತಪ್ಪೊಪ್ಪಿಕೊಳ್ಳುತ್ತಿದ್ದೇನೆ ಎಂದು ಅವಳಿಗೆ ಅನ್ನಿಸಿಯೇ ಇರಲಿಲ್ಲ. ನಾನು ರೇಟು ಕಟ್ಟುತ್ತಿದ್ದೇನೆ ಎಂದುಕೊಂಡಿದ್ದಳು. ಮೊದಲು ಕಷ್ಟ ಇದೆ ಎಂದು ಹೆದರಿಸುವುದು, ಆಮೇಲೆ ದಾರಿಯಿದೆ ಎನ್ನುವುದು, ಆಮೇಲೆ ಸುಮ್ಮನಾಗಿ ಕಾಯುವುದು. ಅವಳು ಹುಟ್ಟಿದಾಗಿನಿಂದ ಎಲ್ಲ ಕಿಟಕಿಗಳಲ್ಲೂ ಕೇಳಿದ್ದು ಅದನ್ನೇ. ನನ್ನ ಬಾಯಲ್ಲಿ ಸತ್ಯ ಬಂದರೂ ಅವಳ ಕಿವಿಗೆ ಅದು ಅದೇ ಹಳೆಯ ಮಾತಾಗಿ ಬಿತ್ತು.

"ಏನೂ ಆಗಲ್ಲ. ಬಿಟ್ಟಿ. ಈಗ್ಲೇ ಮಾಡ್ತೀನಿ, ನೋಡು" ಎಂದು ಎದ್ದೆ.

"ಅಕ್ಕಾ, ಹಾಗನ್ಬೇಡಿ. ಹೇಳಿ, ಕೊಡ್ತೀನಿ."

ನಾನು ಕಂಪ್ಯೂಟರಿನ ಮುಂದೆ ಕೂತೆ. ಆಕ್ಷೇಪಣೆಯ ಫಾರ್ಮು ತೆರೆದೆ. ಮೂವತ್ತು ವರ್ಷದಲ್ಲಿ ಮೊದಲ ಸಲ, ಹೊಡೆಯುವ ಮುಂಚೆ ಪ್ರತಿಯೊಂದು ಪದವನ್ನೂ ಗಟ್ಟಿಯಾಗಿ ಓದಿದೆ. ಬೆರಳು ಒಂದನೇ ಕ್ಲಾಸಿನ ಮಗುವಿನ ಹಾಗೆ ತಡವರಿಸಿತು. ಫಲಾನುಭವಿ ಮನೆ ಬಿಟ್ಟುಕೊಟ್ಟಿಲ್ಲ. ಫೋನ್ ನಂಬರು ಫಲಾನುಭವಿಯದ್ದಲ್ಲ, ನನ್ನದು. ಓಟಿಪಿ ಹೇಳಿದವಳು ನಾನು. ಯಾರಿಗೆ ಹೇಳಿದಿರಿ ಎಂಬ ಕಾಲಮ್ಮಿನಲ್ಲಿ ಮೈದುನನ ಹೆಸರು, ಅವನ ಹುದ್ದೆ ಬರೆದೆ. ಬರೆಯುವಾಗ ನನ್ನ ಗಂಡ ಆ ಮೆಟ್ಟಿಲ ಮೇಲೆ ನಿಂತು ಅತ್ತದ್ದು ಕಣ್ಣಿಗೆ ಬಂತು. ನಿಲ್ಲಲಿಲ್ಲ, ಮುಂದಕ್ಕೆ ಹೋದೆ.

ಫೋನು ಟಿಂಗ್ ಅಂದಿತು. ಅದನ್ನು ಗಾರೆಯವಳ ಕೈಗೆ ಕೊಟ್ಟೆ. ಅವಳಿಗೆ ಅಕ್ಷರ ಬರುವುದಿಲ್ಲ, ಇಟ್ಟಿಗೆ ಎಣಿಸಿ ಎಣಿಸಿ ಅಂಕಿ ಬರುತ್ತದೆ. "ಮೇಲಿನ ಸಾಲು ನಾನು ಓದ್ತೀನಿ, ಕೇಳು. 'ಆಕ್ಷೇಪಣೆ ಸಲ್ಲಿಸಲು ನಿಮ್ಮ ಓಟಿಪಿ.' ಅಂಕಿ ನೀನೇ ಹೇಳು" ಎಂದೆ. ಅವಳು ಬೆರಳಿಟ್ಟು ಒಂದೊಂದೇ ಹೇಳಿದಳು. ನಾನು ಒಂದೊಂದೇ ಹಾಕಿದೆ. ಪರದೆ ಒಂದು ಗಳಿಗೆ ಸುತ್ತಿತು. 'ಆಕ್ಷೇಪಣೆ ಸ್ವೀಕೃತವಾಗಿದೆ. ಮಂಜೂರಾತಿ ಮರುಸ್ಥಾಪಿಸಲಾಗಿದೆ.' ಹಸಿರು ಅಕ್ಷರ ಮತ್ತೆ ಬಂತು.

ಪ್ರಿಂಟ್ ತೆಗೆದು ಕೊಟ್ಟೆ. "ಆಯ್ತು. ಮನೆ ನಿಂದೇ. ಇನ್ನು ಯಾರೂ ಮುಟ್ಟೋ ಹಾಗಿಲ್ಲ. ಸೋಮವಾರ ಇಬ್ರೂ ಹೋಗಿ ನಿನ್ನ ಹೆಸರಲ್ಲೇ ಒಂದು ಸಿಮ್ ತಗೊಳ್ಳೋಣ, ಆ ನಂಬರು ಹಾಕ್ತೀನಿ."

ಅವಳು ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಸೀಲಿಲ್ಲ" ಎಂದಳು.

"ಇದಕ್ಕೆ ಸೀಲ್ ಬೇಡ."

"ಸಹಿನೂ ಇಲ್ಲ."

"ಬೇಡ ಕಣೇ. ಕಂಪ್ಯೂಟರಲ್ಲಿ ಆಗಿದೆ."

ಅವಳು ಕಾಗದವನ್ನು ಸ್ಟೂಲಿನ ಮೇಲಿಟ್ಟು ಸೊಂಟದಿಂದ ಒಂದು ಬಟ್ಟೆಯ ಚೀಲ ತೆಗೆದಳು. ಗಾರೆ ಮೆತ್ತಿ ಗಟ್ಟಿಯಾದ ಸಣ್ಣ ಚೀಲ. ಅದನ್ನು ನನ್ನ ಕೀಬೋರ್ಡಿನ ಮೇಲಿಟ್ಟಳು. ನಾನು ಮೈಮೇಲೆ ಹಾವು ಬಿದ್ದವಳ ಹಾಗೆ ಹಿಂದೆ ಸರಿದೆ.

"ತೆಗಿಯೇ ಅದನ್ನ!"

"ಇಷ್ಟೇ ಇರೋದಕ್ಕಾ. ಮಗಳ ಓಲೆನೂ ಇದೆ ಅದರಲ್ಲಿ. ಸಾಲ್ದಿದ್ರೆ ಮುಂದಿನ ವಾರ ತರ್ತೀನಿ."

"ನಿಂಗೆ ತಲೆ ಕೆಟ್ಟಿದೆಯಾ? ನಿನ್ನ ಮನೆ ಕಳೆದಿದ್ದೇ ನಾನು. ನನಗೆ ಕೊಡ್ತೀಯಾ?"

"ತಗೊಳ್ಳಿ ಅಕ್ಕಾ, ನಿಮ್ಮ ದಮ್ಮಯ್ಯ." ಅಲ್ಲಿಯವರೆಗೆ ಅಳದವಳು ಆಗ ಅತ್ತಳು. "ನೀವು ತಗೊಳ್ದಿದ್ರೆ ನಂಗೆ ನಿದ್ದೆ ಬರಲ್ಲ. ಕೊಟ್ರೇನೇ ಉಳಿಯಲ್ಲ, ಕೊಡದೆ ಹೇಗೆ ಉಳಿಯುತ್ತೆ? ಮೊದಲ್ನೇ ಸಲ ಬಿಟ್ಟಿ ಸಿಕ್ತು, ನೋಡಿ ಹೋಯ್ತು. ಕೊಟ್ಟಿದ್ರೆ ಹೋಗ್ತಿತ್ತಾ?"

ನಾನು ಚೀಲವನ್ನು ತೆಗೆದು ಅವಳ ಕೈಯೊಳಗಿಟ್ಟು, ಬೆರಳು ಮಡಚಿ ಒತ್ತಿದೆ. ಕೂಗಾಡಿಯೂಬಿಟ್ಟೆ. ಇನ್ನೊಂದು ಸಲ ಇದನ್ನು ತೆಗೆದರೆ ಅಂಗಡಿಯ ಮೆಟ್ಟಿಲು ಹತ್ತಬೇಡ ಎಂದೆ. ಅವಳು ಕಣ್ಣೊರೆಸಿಕೊಂಡು ನನ್ನನ್ನು ನೋಡಿದಳು. ಅಷ್ಟು ಹೆದರಿಕೆ ಅವಳ ಮುಖದಲ್ಲಿ ನಾನೆಂದೂ ಕಂಡಿರಲಿಲ್ಲ, ಮನೆ ಹೋಯಿತು ಎಂದು ಹೇಳಿದಾಗಲೂ ಕಂಡಿರಲಿಲ್ಲ. ಮಗಳಿಗೆ ಇಲ್ಲೇ ಇರು ಎಂದು ಸನ್ನೆ ಮಾಡಿ, ಬಗ್ಗಿ ಶಟರಿನ ಕೆಳಗಿನಿಂದ ಹೊರಗೆ ಹೋದಳು.

ನೀರು ಕುಡಿಯಲು ಹೋದಳು ಎಂದುಕೊಂಡೆ. ಶಟರು ಎತ್ತಿ ನೋಡಿದರೆ ಅವಳು ರಸ್ತೆ ದಾಟಿ ಆಗಲೇ ಕಚೇರಿಯ ಮೂರನೆಯ ಕಿಟಕಿಯ ಮುಂದೆ ನಿಂತಿದ್ದಳು. ಅದು ನನ್ನ ಮೈದುನನ ಕಿಟಕಿ. ಅವಳು ಕಾಗದವನ್ನು ಒಳಗೆ ಚಾಚಿದಳು. ಅವನು ಕಾಗದ ನೋಡಿದ, ಕಂಪ್ಯೂಟರ್ ನೋಡಿದ, ಆಮೇಲೆ ತಲೆಯೆತ್ತಿ ರಸ್ತೆಯಾಚೆ ನನ್ನ ಅಂಗಡಿಯನ್ನು ನೋಡಿದ. ನಮ್ಮಿಬ್ಬರ ಕಣ್ಣು ಕೂಡಿದವು. ನಾನು ಏನು ಮಾಡಿದ್ದೇನೆ ಎಂದು ಅವನಿಗೆ ಗೊತ್ತಾಯಿತು ಎನ್ನುವುದು ನನಗೆ ಗೊತ್ತಾಯಿತು. ನಾಳೆ ಆ ಮನೆಯಲ್ಲಿ ನನಗೆ ಜಾಗ ಇರುತ್ತದೆಯೋ ಇಲ್ಲವೋ ಎಂದು ಯೋಚನೆ ಬಂದದ್ದೂ ಆಗಲೇ.

ಆಗ ಅವಳು ಚೀಲವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು. "ಬೇಡ ಕಣೇ!" ಎಂದು ನಾನು ಕೂಗಿದೆ. ನಡುವೆ ಒಂದು ಬಸ್ಸು ಬಂದು ನಿಂತಿತು, ಜನ ಇಳಿದರು, ಬಸ್ಸು ಹೋಯಿತು. ಕಟ್ಟೆ ಖಾಲಿಯಾಗಿತ್ತು. ಮೈದುನ ಅವಳ ಕಾಗದದ ಮೇಲೆ ಸೀಲು ಒತ್ತುತ್ತಿದ್ದ. ಯಾವುದರ ಸೀಲೋ, ಯಾತಕ್ಕೋ. ಎರಡೆರಡು ಸಲ ಒತ್ತಿ, ಕೆಳಗೆ ದೊಡ್ಡದಾಗಿ ಸಹಿ ಮಾಡಿ ಕೊಟ್ಟ.

ಅವಳು ಕಾಗದವನ್ನು ಒಣಗಲೆಂದು ಗಾಳಿಗೆ ಆಡಿಸುತ್ತ ರಸ್ತೆ ದಾಟಿ ಬಂದಳು. ನಡಿಗೆಯೇ ಬದಲಾಗಿತ್ತು. ನನ್ನ ಎದುರು ನಿಂತು ಕಣ್ಣು ತುಂಬ ನಕ್ಕಳು.

"ನಿಮ್ಮ ಮೈದುನ ಒಳ್ಳೆಯವ್ರು ಅಕ್ಕಾ. ಒಂದು ಮಾತಾಡ್ಲಿಲ್ಲ, ಇಸ್ಕೊಂಡ್ರು. ನೀವು ಬೇಡ ಅಂದಾಗ ನಂಗೆ ಜೀವವೇ ಹೋದ ಹಾಗಾಗಿತ್ತು."

ಮಗಳನ್ನು ಕರೆದಳು. ಹುಡುಗಿ ಮೆಷಿನ್ನಿನ ಹಿಂದಿನಿಂದ ಎದ್ದು ಬಂದಳು. ತಾಯಿ ಅವಳಿಗೆ ಸೀಲು ತೋರಿಸಿ, ಇಲ್ಲಿ ನೋಡು, ಇನ್ನು ಹೆದರಬೇಡ ಎಂದಳು. ಹುಡುಗಿ ಸೀಲಿನ ಮೇಲೆ ಬೆರಳಾಡಿಸಿ, ಬೆರಳಿಗೆ ಹತ್ತಿದ ಶಾಯಿಯನ್ನು ನೋಡಿಕೊಂಡು ಮೊದಲ ಸಲ ನಕ್ಕಳು. ಇಬ್ಬರೂ ಕೈ ಹಿಡಿದುಕೊಂಡು ಕ್ವಾರಿಯ ದಾರಿ ಹಿಡಿದರು.